ಕಾಗದದ ಕ್ಯಾಮೆಲ್ ವಿಮಾನಕ್ಕೆ ತಂತಿ ಕಟ್ಟಿದ ಬಗೆ

ದಪ್ಪ ಕಾಗದದಲ್ಲಿ ಮಾದರಿ ವಿಮಾನಗಳನ್ನು ಮಾಡುವವರಲ್ಲಿ ಅನೇಕರು ಎರಡು ಅಂತಸ್ತಿನ ರೆಕ್ಕೆಗಳ ಹಳೆಯ ವಿಮಾನಗಳ ತಂಟೆಗೆ ಹೋಗುವುದಿಲ್ಲ. ರೆಕ್ಕೆಗಳ ನಡುವಿನ ತಂತಿಗಳೇ ಅದಕ್ಕೆ ಕಾರಣ. ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸಾಪ್‌ವಿತ್ ಕ್ಯಾಮೆಲ್ ಅನ್ನು 1:33 ಅನುಪಾತದಲ್ಲಿ ಕಟ್ಟಿದ ಮೇಲೆ ನಾನು ಖಚಿತವಾಗಿ ಹೇಳಬಲ್ಲ ಸಂಗತಿಯೊಂದಿದೆ: ಯಾವ ತಂತಿ ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕಾಚಾರ ಮೊದಲ ಹಾಳೆಗೆ ಕತ್ತರಿ ಹಾಕುವ ಮುನ್ನವೇ ಮುಗಿದಿರಬೇಕು.

ಹರ್ಬರ್ಟ್ ಸ್ಮಿತ್ ವಿನ್ಯಾಸಗೊಳಿಸಿದ ಈ ವಿಮಾನ 1916ರ ಡಿಸೆಂಬರಿನಲ್ಲಿ ಮೊದಲು ಹಾರಿತು. ಅದರ ರೆಕ್ಕೆಗಳ ಅಗಲ ತುದಿಯಿಂದ ತುದಿಗೆ 28 ಅಡಿ, ವಿಮಾನದ ಉದ್ದ 18 ಅಡಿ 9 ಅಂಗುಲ. ನಮ್ಮ ಅನುಪಾತದಲ್ಲಿ ಇದು ಸುಮಾರು 259 ಮಿ.ಮೀ. ಮತ್ತು 173 ಮಿ.ಮೀ. ಆಗುತ್ತದೆ. ಮೇಲಿನ ರೆಕ್ಕೆ ಸಪಾಟಾಗಿದ್ದು, ಕೆಳಗಿನ ರೆಕ್ಕೆ ಮಾತ್ರ ಎರಡೂ ಬದಿಗೆ 5 ಡಿಗ್ರಿ ಮೇಲೇರುವುದು ಇದರ ಗುರುತು. ಈ ಏರಿಕೆಯಿಂದ ಕೆಳರೆಕ್ಕೆಯ ತುದಿ ಬುಡಕ್ಕಿಂತ ಹತ್ತಿರಹತ್ತಿರ 10 ಮಿ.ಮೀ. ಎತ್ತರದಲ್ಲಿರುತ್ತದೆ ಮತ್ತು ರೆಕ್ಕೆಗಳ ನಡುವಿನ ಅಂತರ ತುದಿಯತ್ತ ಕಿರಿದಾಗುತ್ತ ಹೋಗುತ್ತದೆ. ಛಾಯಾಚಿತ್ರಗಳನ್ನು ನೋಡಿ ಕಟ್ಟುವವರಿಗೆ ಒಂದು ಎಚ್ಚರಿಕೆಯ ಮಾತು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿರುವ ಎನ್6812 ಸಂಖ್ಯೆಯ ವಿಮಾನವು ಹಡಗುಗಳಿಂದ ಹಾರಿಸಲೆಂದು ಮಾಡಿದ 2ಎಫ್.1 ಮಾದರಿಯದು; ಅದರ ರೆಕ್ಕೆ ಕಿರಿದು, ಒಡಲಿನಿಂದ ಮೇಲಿನ ರೆಕ್ಕೆಗೆ ಹೋಗುವ ಕಂಬಗಳು ತೆಳುವಾದ ಉಕ್ಕಿನ ಕೊಳವೆಗಳು. ಭೂಸೇನೆಯೊಡನೆ ಹಾರಿದ ಎಫ್.1 ಮಾದರಿಯನ್ನು ಕಟ್ಟುವವರು ರಾಯಲ್ ಏರ್ ಫೋರ್ಸ್ ಮ್ಯೂಸಿಯಂನ ಎಫ್6314 ವಿಮಾನದ ಚಿತ್ರಗಳನ್ನು ನೋಡುವುದು ಒಳ್ಳೆಯದು.

ನಾನಿರುವುದು ಮಲೆನಾಡಿನಲ್ಲಿ. ಇಲ್ಲಿ ಮಳೆಗಾಲದ ಗಾಳಿಯಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ; ಅದೂ ನಾರು ಸಾಗಿದ ದಿಕ್ಕಿಗಿಂತ ಅದಕ್ಕೆ ಅಡ್ಡಲಾಗಿ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ರೆಕ್ಕೆಯ ಹೊದಿಕೆಯನ್ನು ನಾರು ಬುಡದಿಂದ ತುದಿಯ ಕಡೆಗೆ ಸಾಗುವಂತೆ ಕತ್ತರಿಸುತ್ತೇನೆ. ಹೀಗೆ ಮಾಡಿದರೆ ರೆಕ್ಕೆಯ ಉದ್ದ ಹೆಚ್ಚು ಬದಲಾಗುವುದಿಲ್ಲ, ಅದರ ಬೆನ್ನಿನ ಬಾಗೂ ಮಡಿಕೆ ಬೀಳದೆ ಸಲೀಸಾಗಿ ಬರುತ್ತದೆ. ಹೊದಿಕೆಗೆ 160 ಜಿಎಸ್ಎಂ (ಚದರ ಮೀಟರಿಗೆ 160 ಗ್ರಾಂ ತೂಗುವ) ಕಾಗದ ಸಾಕು. ರೆಕ್ಕೆಯ ಮೇಲ್ಪದರ ಮತ್ತು ಕೆಳಪದರಗಳನ್ನು ಅಂಟಿಸುವ ಮೊದಲು, ಕಂಬಗಳು ಬಂದು ಕೂರುವ ಜಾಗಗಳಲ್ಲಿ 1 ಮಿ.ಮೀ. ದಪ್ಪದ ರಟ್ಟಿನ ಚಿಕ್ಕ ತುಂಡುಗಳನ್ನು ಒಳಗೆ ಕೂರಿಸಿ, ತಂತಿ ಹಾಯುವ ಕೋನದಲ್ಲೇ ಸೂಜಿಯಿಂದ ರಂಧ್ರ ಮಾಡಿ, ರಂಧ್ರದ ಬಾಯಿಗೆ ಒಂದು ಹನಿ ಫೆವಿಕ್ವಿಕ್ ಕುಡಿಸುತ್ತೇನೆ. ಗಟ್ಟಿಯಾದ ಆ ರಟ್ಟು ದಾರದ ಎಳೆತವನ್ನು ತಡೆದುಕೊಳ್ಳುವುದರಿಂದ ಮೇಲಿನ ತೆಳು ಕಾಗದ ಹರಿಯುವುದಿಲ್ಲ. ಇಡೀ ಮಾದರಿಯಲ್ಲಿ ಹೊರಗೆ ಕಾಣದ ಈ ಕೆಲಸಕ್ಕೆ ನಾನು ಕೊಡುವಷ್ಟು ಸಮಯವನ್ನು ಬೇರೆ ಯಾವುದಕ್ಕೂ ಕೊಡುವುದಿಲ್ಲ.

ರೆಕ್ಕೆಗಳ ನಡುವಿನ ಕಂಬಗಳಿಗೆ ಬರಿಯ ಕಾಗದ ಸಾಲದು. ಮಸಾಲೆ ಹಚ್ಚದ ಊದುಬತ್ತಿಯ ಬಿದಿರುಕಡ್ಡಿಯನ್ನು ಮರಳುಕಾಗದದಲ್ಲಿ ಉಜ್ಜಿ ಸಣ್ಣದಾಗಿಸಿ, ಅದರ ಸುತ್ತ ಕಂಬದ ಕಾಗದವನ್ನು ಮಡಿಸಿ ಅಂಟಿಸಿದರೆ ನೆಟ್ಟಗಿನ, ಬಾಗದ ಕಂಬ ಸಿಗುತ್ತದೆ. ರೆಕ್ಕೆ ಜೋಡಿಸುವಾಗ ಕೈಯ ಅಂದಾಜನ್ನು ನಂಬದೆ, ರಟ್ಟಿನಲ್ಲಿ ಒಂದು ಚೌಕಟ್ಟನ್ನು ಮಾಡಿಕೊಂಡು, 5 ಡಿಗ್ರಿ ಇಳಿಜಾರಿನ ಎರಡು ಆಸರೆಗಳ ಮೇಲೆ ಕೆಳರೆಕ್ಕೆಗಳನ್ನು ಕೂರಿಸಿ ರಾತ್ರಿಯಿಡೀ ಒಣಗಲು ಬಿಡುತ್ತೇನೆ. ಒಂಬತ್ತು ಸಿಲಿಂಡರಿನ ಎಂಜಿನ್, ಚಕ್ರಗಳು, ಎರಡು ವಿಕರ್ಸ್ ಬಂದೂಕುಗಳು, ಇವೆಲ್ಲ ತಾಳ್ಮೆ ಬೇಡುವ ಕೆಲಸಗಳಾದರೂ ಇತರ ಕಾಗದದ ಮಾದರಿಗಳಲ್ಲಿ ಮಾಡುವಂತೆಯೇ ಮಾಡಬಹುದು.

ಇನ್ನು ತಂತಿಗಳ ವಿಷಯ. ಒಡಲಿನ ಕೆಳಬದಿಯಿಂದ ಹೊರಟು ಹೊರಗಂಬಗಳ (ರೆಕ್ಕೆಗಳ ನಡುವಿನ ಕಂಬಗಳ) ಮೇಲ್ತುದಿ ಸೇರುವವು ಫ್ಲೈಯಿಂಗ್ ವೈರ್‌ಗಳು. ಹಾರಾಟದಲ್ಲಿ ರೆಕ್ಕೆ ಮೇಲಕ್ಕೆ ಬಾಗದಂತೆ ಹಿಡಿಯುವುದು ಇವೇ. ಕ್ಯಾಮೆಲ್‌ನಲ್ಲಿ ಇವು ಜೋಡಿಜೋಡಿಯಾಗಿವೆ. ನಡುಗಂಬಗಳ (ಒಡಲಿನಿಂದ ಮೇಲಿನ ರೆಕ್ಕೆಗೆ ಹೋಗುವ ಕಂಬಗಳ) ಮೇಲ್ತುದಿಯಿಂದ ಹೊರಗಂಬಗಳ ಬುಡಕ್ಕೆ ಇಳಿಯುವ ಲ್ಯಾಂಡಿಂಗ್ ವೈರ್‌ಗಳು ನೆಲದ ಮೇಲೆ ರೆಕ್ಕೆಯ ಭಾರವನ್ನು ಹೊರುತ್ತವೆ. ಮುಂದಿನ ಮತ್ತು ಹಿಂದಿನ ಹೊರಗಂಬಗಳ ನಡುವೆ ಇನ್ನೊಂದು ಜೊತೆ ತಂತಿಗಳು ಅಡ್ಡಡ್ಡವಾಗಿ ಹಾಯುತ್ತವೆ. ಕೆಳರೆಕ್ಕೆಯ ಏರಿಕೆಯನ್ನು ಕಾಯುವುದು ಲ್ಯಾಂಡಿಂಗ್ ವೈರ್ ಆದ್ದರಿಂದ ಮೊದಲು ಅದನ್ನು, ಆಮೇಲೆ ಫ್ಲೈಯಿಂಗ್ ವೈರ್‌ಗಳನ್ನು, ಕೊನೆಗೆ ಕಂಬಗಳ ನಡುವಿನವನ್ನು ಕಟ್ಟುತ್ತೇನೆ. ಎಡಗಡೆ ಒಂದು ಕಟ್ಟಿದರೆ ಕೂಡಲೇ ಬಲಗಡೆ ಅದರ ಜೋಡಿಯನ್ನು ಕಟ್ಟುತ್ತೇನೆ.

ನಾನು ಬಳಸುವುದು ಗಾಳದ 0.12 ಮಿ.ಮೀ. ನೈಲಾನ್ ದಾರ. ಬ್ರಿಟಿಷ್ ವಿಮಾನಗಳಲ್ಲಿದ್ದದ್ದು ಗಾಳಿಯನ್ನು ಸೀಳುವಂತೆ ಚಪ್ಪಟೆಯಾಗಿ ಎಳೆದ ಉಕ್ಕಿನ ತಂತಿ. ಜರ್ಮನ್ ವಿಮಾನಗಳಲ್ಲಿದ್ದದ್ದು ಹುರಿ ಮಾಡಿದ ಕೇಬಲ್ ಮತ್ತು ಅದನ್ನು ಬಿಗಿಗೊಳಿಸುವ ಟರ್ನ್‌ಬಕಲ್. ಆದ್ದರಿಂದ ಕ್ಯಾಮೆಲ್‌ನ ರೆಕ್ಕೆಗಳ ನಡುವೆ ಟರ್ನ್‌ಬಕಲ್ ಉಬ್ಬುಗಳನ್ನು ತೋರಿಸದೆ, ದಾರವನ್ನು ಕಟ್ಟುವ ಮೊದಲೇ ಹೊಳಪಿಲ್ಲದ ಬೂದುಬಣ್ಣದಲ್ಲಿ ಅದ್ದಿದ ಸ್ಪಂಜಿನ ನಡುವೆ ಎಳೆದು ಒಣಗಿಸುತ್ತೇನೆ. ದಾರದ ಒಂದು ತುದಿಯನ್ನು ಮೇಲಿನ ರಂಧ್ರದಲ್ಲಿ ಅಂಟಿಸಿ, ಇನ್ನೊಂದನ್ನು ಕೆಳಗಿನ ರಂಧ್ರದಿಂದ ಹೊರತಂದು, ಅದಕ್ಕೆ ಬಟ್ಟೆ ಒಣಹಾಕುವ ಮರದ ಕ್ಲಿಪ್ ಒಂದನ್ನು ಸಿಕ್ಕಿಸಿ ಇಳಿಬಿಡುತ್ತೇನೆ. ಕ್ಲಿಪ್ಪಿನ ತೂಕದಷ್ಟೇ ಬಿಗಿ ಸಾಕು. ಕೈಯಿಂದ ಎಳೆದು ಕಟ್ಟಿದರೆ ಕೆಲವು ತಿಂಗಳುಗಳಲ್ಲಿ ರೆಕ್ಕೆಯೇ ತಿರುಚಿಕೊಳ್ಳುತ್ತದೆ. ಸೂಜಿಮೊನೆಯಲ್ಲಿ ಅಂಟಿನ ಹನಿಯೊಂದನ್ನು ತೆಗೆದುಕೊಂಡು ರಂಧ್ರಕ್ಕೆ ಮುಟ್ಟಿಸಿ, ಅಂಟು ಹಿಡಿದ ಮೇಲೆ ಉಳಿದ ದಾರವನ್ನು ಹೊಸ ಬ್ಲೇಡಿನಿಂದ ಮಟ್ಟಸವಾಗಿ ಕತ್ತರಿಸಿ, ಆ ಜಾಗಕ್ಕೆ ಬಣ್ಣ ಮುಟ್ಟಿಸಿದರೆ ರಂಧ್ರ ಕಾಣುವುದಿಲ್ಲ. ಯಾವುದಾದರೂ ದಾರ ಸಡಿಲವಾಗಿ ಉಳಿದರೆ, ಹೊತ್ತಿಸಿದ ಊದುಬತ್ತಿಯ ಕೆಂಡವನ್ನು ದಾರಕ್ಕೆ ತಾಗಿಸದೆ ಅದರ ಹತ್ತಿರ ಒಮ್ಮೆ ಸರಿಸಿದರೆ ನೈಲಾನ್ ಕುಗ್ಗಿ ನೆಟ್ಟಗಾಗುತ್ತದೆ. ಕಾಗದದ ಪಕ್ಕದಲ್ಲಿ ಕೆಂಡ ಹಿಡಿಯುವ ಕೆಲಸವಾದ್ದರಿಂದ ಫ್ಯಾನ್ ನಿಲ್ಲಿಸಿ, ಕೈಗೆ ಆಸರೆ ಕೊಟ್ಟುಕೊಂಡೇ ಇದನ್ನು ಮಾಡಬೇಕು.

ಬಾಲದ ತಂತಿಗಳು ಮತ್ತು ಚುಕ್ಕಾಣಿಯ ಕೇಬಲ್‌ಗಳು ಗಿಡ್ಡವಾಗಿರುವುದರಿಂದ ಅಲ್ಲಿ ದಾರ ಬೇಕಿಲ್ಲ. ಹಳೆಯ ಮೋಟಾರಿನ ವೈಂಡಿಂಗ್‌ನಿಂದ ಬಿಡಿಸಿದ ಸಣ್ಣ ತಾಮ್ರದ ತಂತಿಯನ್ನು ಗಾಜಿನ ಮೇಲೆ ಉರುಳಿಸಿ ನೆಟ್ಟಗೆ ಮಾಡಿ, ಡಿವೈಡರಿನಲ್ಲಿ ಅಳತೆ ಹಿಡಿದು ಕತ್ತರಿಸಿ, ಎರಡೂ ತುದಿಗೆ ಅಂಟು ಮುಟ್ಟಿಸಿ ಚಿಮುಟದಿಂದ ಕೂರಿಸಿದರೆ ಆಯಿತು. ತಂತಿ ಕಟ್ಟುವ ಕೆಲಸವನ್ನೆಲ್ಲ ನಾನು ಫೆಬ್ರವರಿ, ಮಾರ್ಚ್ ತಿಂಗಳುಗಳ ಒಣಹವೆಯಲ್ಲೇ ಇಟ್ಟುಕೊಳ್ಳುತ್ತೇನೆ. ಜೂನ್ ಬರುವ ಹೊತ್ತಿಗೆ ಮಾದರಿಯನ್ನು ಸಿಲಿಕಾ ಜೆಲ್ ಪೊಟ್ಟಣಗಳಿರುವ ಗಾಜಿನ ಪೆಟ್ಟಿಗೆಗೆ ಸೇರಿಸಿ, ಮಳೆ ಮುಗಿಯುವವರೆಗೆ ಆ ಪೊಟ್ಟಣಗಳನ್ನು ಆಗಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡುತ್ತೇನೆ.