ವಿಮ್‌ನಿಂದ ಹೊರಗೆ ಬರೋದು ಹೇಗೆ, ಒಳಗೆ ಇರೋದು ಹೇಗೆ

ನಾನು ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಲಿನಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹೊಸ ಬ್ಯಾಚ್ ಬಂದ ಮೊದಲ ವಾರ ಯಾರಾದರೊಬ್ಬರು ಕೂಗಿಯೇ ಕೂಗುತ್ತಾರೆ: "ಸಾರ್, ಇದು ಕ್ಲೋಸೇ ಆಗ್ತಿಲ್ಲ!" ಹೋಗಿ ನೋಡಿದರೆ ವಿಮ್. ಪಾತ್ರೆ ತೊಳೆಯೋ ವಿಮ್ ಅಲ್ಲ, ಫೈಲ್ ತಿದ್ದುವ ಎಡಿಟರ್. ಹುಡುಗ ಸಿಕ್ಕ ಕೀಗಳನ್ನೆಲ್ಲ ಒತ್ತಿ ಸುಸ್ತಾಗಿ, ಕೊನೆಗೆ ಪವರ್ ಬಟನ್‌ಗೆ ಕೈ ಹಾಕಿರುತ್ತಾನೆ.

ಹಾಗಾಗಿ ಮೊದಲು ಬಾಗಿಲು ತೋರಿಸುತ್ತೇನೆ. ಎಸ್ಕೇಪ್ ಒತ್ತಿ. ಆಮೇಲೆ ಕೋಲನ್, ಕ್ಯೂ, ಆಶ್ಚರ್ಯ ಚಿಹ್ನೆ, ಎಂಟರ್. ಏನೂ ಉಳಿಸದೆ ಹೊರಗೆ ಬಂದಿರಿ. ಬರೆದದ್ದು ಉಳಿಯಬೇಕಾದರೆ ಕೋಲನ್, ಡಬ್ಲ್ಯೂ, ಕ್ಯೂ, ಎಂಟರ್. ಸ್ವಲ್ಪ ಧೈರ್ಯ ಬಂತು ಅಲ್ವಾ?

ಈಗ ಫೈಲಿನ ಹೆಸರು ಕೊಡದೆ, ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಸುಮ್ನೆ ವಿಮ್ ಅಂತಷ್ಟೇ ಟೈಪ್ ಮಾಡಿ ತೆರೆಯಿರಿ. ತೆರೆಯ ನಡುವೆ ವಿಮ್ ರೂಪಿಸಿದ ಬ್ರಾಮ್ ಮೂಲೆನಾರ್ ಅವರ ಹೆಸರು ಕಾಣುತ್ತದೆ. ಅದರ ಕೆಳಗೆ ಹಲವು ಸಲ ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂಬ ಅರ್ಥದ ಸಾಲು. ನಾನು ವರ್ಷಗಟ್ಟಲೆ ಅದನ್ನು ಜಾಹೀರಾತು ಅಂದುಕೊಂಡು ಓದದೇ ಬಿಟ್ಟಿದ್ದೆ. ನೀವು ಹಾಗೆ ಮಾಡಬೇಡಿ. ಕೋಲನ್ ಒತ್ತಿ, ಹೆಲ್ಪ್ ಉಗಾಂಡ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಎಂಟರ್ ಕೊಡಿ.

ಬ್ರಾಮ್ ನೆದರ್ಲೆಂಡ್ಸ್‌ನವರು. 1961ರಲ್ಲಿ ಹುಟ್ಟಿದರು, ಡೆಲ್ಫ್ಟ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದರು. ಉಗಾಂಡದ ದಕ್ಷಿಣದಲ್ಲಿ ಕಿಬಾಲೆ ಎಂಬ ಸಣ್ಣ ಊರಿದೆ. ಏಡ್ಸ್‌ನಿಂದ ಅಲ್ಲಿ ಎಷ್ಟೋ ಮಕ್ಕಳು ತಂದೆತಾಯಿ ಕಳೆದುಕೊಂಡಿದ್ದರು. ಅಲ್ಲಿನ ಮಕ್ಕಳ ಕೇಂದ್ರದಲ್ಲಿ ಬ್ರಾಮ್ ಒಂದು ವರ್ಷ ಸ್ವಯಂಸೇವಕರಾಗಿದ್ದರು. ಆಮೇಲೆ ವಿಮ್‌ಗೆ ಬೆಲೆಯ ಬದಲು ಒಂದು ಕೋರಿಕೆ ಇಟ್ಟರು: ಇಷ್ಟವಾದರೆ ಆ ಮಕ್ಕಳಿಗೆ ಏನಾದರೂ ಕೊಡಿ. ಕೊಡದಿದ್ದರೂ ಬಳಸಬಹುದು.

ಇನ್ನು ಬರೆಯುವ ಕೆಲಸ. ವಿಮ್ ತೆರೆದಾಗ ನೀವು ಆಜ್ಞೆ ಕೊಡುವ ಮೋಡ್‌ನಲ್ಲಿರುತ್ತೀರಿ, ಟೈಪ್ ಮಾಡುವ ಮೋಡ್‌ನಲ್ಲಲ್ಲ. ಗಲಿಬಿಲಿ ಎಲ್ಲ ಇಲ್ಲೇ. ಐ ಒತ್ತಿದರೆ ಬರೆಯಬಹುದು, ಎಸ್ಕೇಪ್ ಒತ್ತಿದರೆ ಮತ್ತೆ ಆಜ್ಞೆಗೆ. ಎಡಕ್ಕೆ ಎಚ್, ಕೆಳಗೆ ಜೆ, ಮೇಲೆ ಕೆ, ಬಲಕ್ಕೆ ಎಲ್. ಈ ವಿಚಿತ್ರ ಏರ್ಪಾಡು ಬ್ರಾಮ್ ಅವರದ್ದಲ್ಲ. ಬಿಲ್ ಜಾಯ್ 1976ರ ಸುಮಾರಿಗೆ ಬರ್ಕ್ಲಿಯಲ್ಲಿ ವಿಐ ಎಂಬ ಹಳೆಯ ಎಡಿಟರ್ ಬರೆದಾಗ ಬಳಸಿದ ಯಂತ್ರದ ಕೀಬೋರ್ಡಿನಲ್ಲಿ ಬಾಣದ ಗುರುತುಗಳು ಆ ನಾಲ್ಕು ಕೀಗಳ ಮೇಲೇ ಇದ್ದವು.

ಬ್ರಾಮ್ ಬಳಿ ಇದ್ದದ್ದು ಅಮಿಗಾ ಕಂಪ್ಯೂಟರ್. ಅದಕ್ಕೆ ಒಳ್ಳೆಯ ವಿಐ ಇರಲಿಲ್ಲ. 1988ರಲ್ಲಿ ಸ್ಟೀವಿ ಎಂಬ ಇನ್ನೊಬ್ಬರ ಎಡಿಟರ್‌ನ ಕೋಡ್ ತೆಗೆದುಕೊಂಡು ತಮಗಾಗಿ ರಿಪೇರಿ ಶುರು ಮಾಡಿದರು. 1991ರಲ್ಲಿ ಅದು ವಿಮ್ ಎಂಬ ಹೆಸರಲ್ಲಿ ಫ್ಲಾಪಿ ಡಿಸ್ಕಿನಲ್ಲಿ ಹೊರಬಂತು. ಮೊದಲು ಅದರ ಹೆಸರಿನ ಅರ್ಥ 'ವಿಐ ನಕಲು'. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂಗೂ ಬಂದಮೇಲೆ 'ಸುಧಾರಿಸಿದ ವಿಐ' ಆಯಿತು.

ಕಲಿಯಲು ಪುಸ್ತಕ ಬೇಡ. ಟರ್ಮಿನಲ್‌ನಲ್ಲಿ ವಿಮ್‌ಟ್ಯೂಟರ್ ಎಂದು ಒಂದೇ ಪದವಾಗಿ ಟೈಪ್ ಮಾಡಿ. ಅರ್ಧ ಗಂಟೆಯ ಪಾಠ ತೆರೆಯುತ್ತದೆ. ಯೂಟ್ಯೂಬ್ ನೋಡಿ ಇಪ್ಪತ್ತು ಪ್ಲಗಿನ್, ಅಂದರೆ ಹೆಚ್ಚುವರಿ ಸೌಲಭ್ಯದ ತುಣುಕುಗಳನ್ನು, ಹಾಕಿಕೊಂಡು ಬರುವ ಹುಡುಗರಿದ್ದಾರೆ. ಅವರಿಗೇ ಜಾಸ್ತಿ ತೊಂದರೆ.

ಆಮೇಲಿನದಕ್ಕೆ ಬ್ರಾಮ್ ಅವರೇ ಒಂದು ದಾರಿ ಹೇಳಿದ್ದಾರೆ. ಯಾವ ಕೆಲಸಕ್ಕೆ ಸಮಯ ಹಾಳಾಗುತ್ತಿದೆ ಗಮನಿಸಿ, ಬೇಗ ಮುಗಿಸುವ ವಿಧಾನ ಹುಡುಕಿ, ಅದು ಕೈಗೆ ಹತ್ತುವವರೆಗೆ ಬಳಸಿ. ನನ್ನದೇ ಕಥೆ ಹೇಳುತ್ತೇನೆ. 63 ಹುಡುಗರ ಪಟ್ಟಿಯಲ್ಲಿ ಬ್ರಾಂಚ್ ಹೆಸರು ತಪ್ಪಾಗಿತ್ತು. ಒಂದೊಂದು ಸಾಲಿಗೂ ಹೋಗಿ ಅಕ್ಷರ ಅಳಿಸಿ ಬರೆಯುತ್ತಾ ಕೂತಿದ್ದೆ. ಹತ್ತನೇ ಸಾಲಿಗೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಈಗ ಹೀಗೆ ಮಾಡುತ್ತೇನೆ: ತಪ್ಪು ಪದದ ಮೇಲೆ ಕರ್ಸರ್ ಇಟ್ಟು ನಕ್ಷತ್ರದ ಕೀ ಒತ್ತಿದರೆ ಅದೇ ಪದ ಮುಂದೆಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ಸಿ, ಡಬ್ಲ್ಯೂ ಒತ್ತಿ ಸರಿಯಾದ ಪದ ಬರೆದು ಎಸ್ಕೇಪ್. ಎನ್ ಒತ್ತಿದರೆ ಮುಂದಿನದು, ಚುಕ್ಕೆ ಒತ್ತಿದರೆ ಅದೇ ತಿದ್ದುಪಡಿ. ಎನ್, ಚುಕ್ಕೆ, ಎನ್, ಚುಕ್ಕೆ. ಯಾವುದಾದರೂ ಬೇಡ ಅನಿಸಿದರೆ ಚುಕ್ಕೆ ಬಿಟ್ಟು ಬರೀ ಎನ್. ಶುರು ಮಾಡಿದ ಪದ ಕೊನೆಗೆ ಸುತ್ತಿ ಬಂದು ಸಿಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ. ಕೀಬೋರ್ಡ್ ಕನ್ನಡದಲ್ಲೇ ಇದ್ದರೆ ಎಸ್ಕೇಪ್ ಆದಮೇಲೆ ಒತ್ತಿದ್ದು ಆಜ್ಞೆ ಆಗುವುದಿಲ್ಲ. ಮೊದಲು ಇಂಗ್ಲಿಷಿಗೆ ಬದಲಿಸಿಕೊಳ್ಳಿ. ಕೆಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಆಗ ತನ್ನದೇ ಕಿಟಕಿಯಲ್ಲಿ ತೆರೆಯುವ ವಿಮ್ ಆದ ಜಿವಿಮ್ ಬಳಸಿ ನೋಡಿ.

ಬ್ರಾಮ್ 2006ರಿಂದ 2021ರವರೆಗೆ ಜ್ಯೂರಿಕ್‌ನಲ್ಲಿ ಗೂಗಲ್ ಕೆಲಸದಲ್ಲಿದ್ದರು. ವಿಮ್ ಬಿಡಲಿಲ್ಲ. ಯಾವ ಬದಲಾವಣೆ ಸೇರಬೇಕೆಂದು ಕೊನೆಗೆ ಹೇಳುತ್ತಿದ್ದವರು ಅವರೊಬ್ಬರೇ. ಅದರಿಂದ ಬೇಸತ್ತವರೂ ಇದ್ದರು. 2014ರಲ್ಲಿ ವಿಮ್‌ನ ಕೋಡಿನಿಂದಲೇ ನಿಯೋವಿಮ್ ಎಂಬ ಎಡಿಟರ್ ಬೇರೆಯಾಗಿ ಹೊರಟಿತು. 2023ರ ಆಗಸ್ಟ್ 3ರಂದು ಬ್ರಾಮ್ ತೀರಿಕೊಂಡರು. ಮರು ಜನವರಿಯಲ್ಲಿ ಬಂದ 9.1 ಆವೃತ್ತಿಯನ್ನು ಅವರಿಗೇ ಅರ್ಪಿಸಿದರು.

ಆ ಸುದ್ದಿ ಬಂದ ವಾರ ಲ್ಯಾಬಿನಲ್ಲಿ ಎಲ್ಲರಿಂದಲೂ ಉಗಾಂಡದ ಆ ಪುಟ ತೆರೆಸಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಪೂರ್ತಿ ಓದಿ ಕೈ ಎತ್ತಿದಳು.

"ಸಾರ್, ಇದರಿಂದ ಹೊರಗೆ ಬರೋದು ಹೇಗೆ?"

"ಅದೇ ಕಣಮ್ಮ. ಕೋಲನ್, ಕ್ಯೂ."