ಕೆರೆ ಏರಿಯ ಕಲ್ಲಿನ ಮೇಲೆ ಅಲೆ ಎಷ್ಟು ಎತ್ತರ ಹತ್ತುತ್ತದೆ?

ಮಲೆನಾಡಿನಲ್ಲಿ ಕೆರೆ ಕೋಡಿ ಬೀಳುವುದೂ ಮುಂಗಾರಿನ ಪಡುವಣ ಗಾಳಿ ಜೋರಾಗುವುದೂ ಒಂದೇ ಕಾಲಕ್ಕೆ. ಆದ್ದರಿಂದ ಏರಿಯ ಎತ್ತರ ಗೊತ್ತುಮಾಡಲು ನೀರಿನ ಮಟ್ಟವೊಂದೇ ಸಾಲದು. ಕಲ್ಲುಹೊದಿಕೆಯ ಮೇಲೆ ಅಲೆ ಹತ್ತುವ ಎತ್ತರವನ್ನೂ ಸೇರಿಸಬೇಕು.

ಮೊದಲು, ತುಂಬಿದ ಕೆರೆಯಲ್ಲಿ ಏರಿಯಿಂದ ಗಾಳಿ ಬರುವ ದಿಕ್ಕಿನ ಎದುರು ದಡಕ್ಕೆ ನೇರ ದೂರ ಅಳೆಯಿರಿ. 1000 ಮೀಟರ್ ಎಂದಿಟ್ಟುಕೊಳ್ಳಿ. ಗಾಳಿಯ ವೇಗಕ್ಕೆ ಒಂದೇ ಹೊಡೆತವನ್ನು ಹಿಡಿಯಬೇಡಿ. ಇಷ್ಟು ದೂರದಲ್ಲಿ ಅಲೆ ಪೂರ್ತಿ ಬೆಳೆಯಲು ಸುಮಾರು 20 ನಿಮಿಷ ಬೇಕು, ಅಷ್ಟು ಹೊತ್ತಿನ ಸರಾಸರಿಯೇ ಲೆಕ್ಕಕ್ಕೆ ಬರುವುದು.

ಸೆಕೆಂಡಿಗೆ 20 ಮೀಟರ್ ಗಾಳಿಯಾದರೆ, 20ರ 1.23 ಘಾತವನ್ನು 0.71ರಿಂದ ಗುಣಿಸಿ: 28.3. ಇದನ್ನು ದೂರದ ವರ್ಗಮೂಲ ಮತ್ತು 0.00051ರಿಂದ ಗುಣಿಸಿದರೆ ಅಲೆಯ ಎತ್ತರ, 0.46 ಮೀಟರ್. 28.3 ಮತ್ತು ದೂರದ ಗುಣಲಬ್ಧದ ಘನಮೂಲವನ್ನು 0.0624ರಿಂದ ಗುಣಿಸಿದರೆ ಅಲೆಯ ಅವಧಿ (ಒಂದು ಅಲೆಯಿಂದ ಮುಂದಿನದಕ್ಕೆ ಹಿಡಿಯುವ ಕಾಲ), 1.9 ಸೆಕೆಂಡ್. ಹತ್ತುವ ಲೆಕ್ಕಕ್ಕೆ ಬೇಕಾದ ಅವಧಿಗಾಗಿ ಇದನ್ನು 1.1ರಿಂದ ಭಾಗಿಸಿ, 1.73 ಸೆಕೆಂಡ್. ಏರಿಯ ಎದುರು 3 ಮೀಟರ್ ಆಳವಿದ್ದರೆ ತಳದ ತಡೆ ಲೆಕ್ಕಕ್ಕಿಲ್ಲ.

1.73ರ ವರ್ಗವನ್ನು 1.56ರಿಂದ ಗುಣಿಸಿದರೆ ಅಲೆಯ ಉದ್ದ, 4.67 ಮೀಟರ್. ಎತ್ತರವನ್ನು ಉದ್ದದಿಂದ ಭಾಗಿಸಿ ವರ್ಗಮೂಲ ತೆಗೆಯಿರಿ, 0.314. ಇಳಿಜಾರು 2.5ಕ್ಕೆ 1 ಇದ್ದರೆ 0.4ನ್ನು ಇದರಿಂದ ಭಾಗಿಸಿ: 1.27. ಅಲೆಯ ಕಡಿದಿಗೆ ಹೋಲಿಸಿ ಇಳಿಜಾರು ಎಷ್ಟು ಕಡಿದು ಎಂದು ಹೇಳುವ ಇರಿಬಾರೆನ್ ಸಂಖ್ಯೆ ಇದೇ.

ಹತ್ತುವ ಎತ್ತರ = 1.65 × ಒರಟುತನದ ಗುಣಾಂಕ × 1.27 × 0.46. ನೂರರಲ್ಲಿ ಎರಡೇ ಅಲೆ ಇದನ್ನು ಮೀರುತ್ತವೆ.

ಹೆಚ್ಚಿನವರು ತಪ್ಪುವುದು ಗುಣಾಂಕದಲ್ಲೇ. ಎರಡು ಪದರ ಒರಟು ಕಾಡುಗಲ್ಲಿನ ಅಡಿ ನೀರು ಇಂಗುವ ಗಟ್ಟಿ ಜಲ್ಲಿ ತಿರುಳಿದ್ದರೆ 0.40. ಮಣ್ಣಿನ ಏರಿ ಅಲೆಯ ನೀರನ್ನು ಹಾಗೆ ಒಳಗೆಳೆಯದು, ಅದರ ಮೇಲೆ ಅದೇ ಕಲ್ಲಿದ್ದರೆ 0.55. ಉತ್ತರ 0.53 ಮೀಟರ್. ಒತ್ತೊತ್ತಾಗಿ ಚಪ್ಪಟೆ ಜೋಡಿಸಿದ ಕಲ್ಲಿಗೆ 0.9 ಹತ್ತಿರ. ಸಂದುಗಳಿಗೆ ಸಿಮೆಂಟ್ ಗಾರೆ ತುಂಬಿ ನುಣುಪು ಮಾಡಿದರೆ 1, ಅಂದರೆ ಅದೇ ಅಲೆ 0.96 ಮೀಟರ್ ಹತ್ತುತ್ತದೆ! ಏರಿ ಗಟ್ಟಿಯಾಗಲಿ ಎಂದು ಬಳಿದ ಗಾರೆ ಅಲೆಗೆ ಮೆಟ್ಟಿಲಾಗುವುದು ಹೀಗೆ.

0.53 ನೇರ ಎತ್ತರ. ಇಳಿಜಾರಿನಗುಂಟ ಟೇಪ್ ಹಿಡಿದರೆ 1.43 ಮೀಟರ್; ಎರಡನ್ನೂ ಬೆರೆಸಬೇಡಿ.

ಗಾಳಿ ಬೀಸಿದ ಮರುದಿನ ಬೆಳಗ್ಗೆ ಕಲ್ಲಿನ ಮೇಲೆ ಕೂತ ಒಣ ಎಲೆ, ಅಡಿಕೆ ಹಾಳೆಯ ಚೂರುಗಳ ಗೆರೆ ಹುಡುಕಿ, ನೀರಿನ ಮಟ್ಟದಿಂದ ಅದರ ಎತ್ತರವನ್ನು ಲೆವೆಲ್ ಪೈಪಿನಿಂದ ಅಳೆಯಿರಿ. ಆ ರಾತ್ರಿಯ ಗಾಳಿಗೆ ಬಂದ ಲೆಕ್ಕಕ್ಕಿಂತ ಗೆರೆ ತೀರ ಮೇಲಿದ್ದರೆ ಮೊದಲು ಸಂದುಗಳಿಗೆ ಕೈಹಾಕಿ ನೋಡಿ: ಮಣ್ಣು ಕಟ್ಟಿದ್ದರೆ 0.55 ಇಟ್ಟುಕೊಳ್ಳುವಂತಿಲ್ಲ.