ಶಟರ್ ಬೀಗ ಮತ್ತು ಒಂದು ಮೀಟರ್ ದಾರ: ಮನೆಯಲ್ಲೇ ಫಿಸಿಕ್ಸ್ ಶುರು ಮಾಡುವುದು ಹೇಗೆ

ನಾನು ಅರಸೀಕೆರೆಯಲ್ಲಿ ಟೈಲರ್. ಪಿಯುಸಿಯಲ್ಲಿ ಫಿಸಿಕ್ಸ್ ಹೋಯಿತು, ಮಷೀನ್ ಮುಂದೆ ಕೂತೆ. ಮಗಳು ಒಂಬತ್ತನೇ ಕ್ಲಾಸಿಗೆ ಬಂದಾಗ ಅದೇ ಪಾಠಗಳು ಮತ್ತೆ ಮನೆಗೆ ಬಂದವು. ಸೂತ್ರಗಳೆಲ್ಲ ಅವಳಿಗೆ ಬಾಯಿಪಾಠ. ಆದರೆ ನಾವು ಕೂತಿರುವ ಬಸ್ಸಿನ ವೇಗ ಎಷ್ಟು ಅಂತ ಕೇಳಿದರೆ, "ಡ್ರೈವರ್ ಹತ್ರ ಮೀಟರ್ ಇರುತ್ತಲ್ಲಪ್ಪ" ಅಂದಳು.

ಅಲ್ಲಿಂದಲೇ ಶುರು ಮಾಡಿದೆವು. ರಸ್ತೆ ಪಕ್ಕ ಕಿಲೋಮೀಟರ್ ಕಲ್ಲು ಇರುತ್ತದೆ. ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಎಷ್ಟು ಸೆಕೆಂಡು ಅಂತ ಮೊಬೈಲಿನಲ್ಲಿ ನೋಡಿ. 3600 ಅನ್ನು ಅದರಿಂದ ಭಾಗಿಸಿ. 72 ಸೆಕೆಂಡು ಬಂದರೆ ಗಂಟೆಗೆ 50 ಕಿ.ಮೀ. ಇದು ಸರಾಸರಿ ವೇಗ. ನಡುವೆ ಹಂಪ್ ಬಂದು ಬಸ್ಸು ನಿಧಾನವಾಗಿದ್ದರೆ ಅದೂ ಇದರಲ್ಲೇ ಸೇರಿದೆ.

ಇನ್ನು ಅಸಲಿ ಪ್ರಯೋಗ. ಭೂಮಿ ವಸ್ತುಗಳನ್ನು ಎಷ್ಟು ಎಳೆಯುತ್ತದೆ ಅನ್ನುವುದನ್ನು ನಿಮ್ಮ ಮನೆಯಲ್ಲೇ ಅಳೆಯಬಹುದು. ಪುಸ್ತಕದಲ್ಲಿ ಇದಕ್ಕೆ ಗುರುತ್ವ ವೇಗೋತ್ಕರ್ಷ ಅಂತ ಹೆಸರು: ಬೀಳುವ ವಸ್ತುವಿನ ವೇಗ ಒಂದೊಂದು ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಅನ್ನುವ ಲೆಕ್ಕ. ಬೇಕಾಗಿದ್ದು ಗಟ್ಟಿ ದಾರ, ಒಂದು ಬೀಗ, ಅಳತೆ ಟೇಪು, ಸ್ಟಾಪ್‌ವಾಚ್ ಇರುವ ಮೊಬೈಲ್. ನಾವು ತಗೊಂಡಿದ್ದು ಅಂಗಡಿ ಶಟರಿನ ಬೀಗ.

ಬಾಗಿಲ ಮೇಲಿನ ಮೊಳೆಗೆ ದಾರ ಕಟ್ಟಿ ಬೀಗ ನೇತು ಹಾಕಿ. ಮೊಳೆಯಿಂದ ಬೀಗದ ನಡುಮಧ್ಯಕ್ಕೆ ಸರಿಯಾಗಿ 100 ಸೆಂ.ಮೀ. ಇರಲಿ. ದಾರದ ತುದಿಯವರೆಗೆ ಅಳೆದು ಬಿಡಬೇಡಿ. ಬೀಗದ ನಡು ಇನ್ನೂ 3 ಸೆಂ.ಮೀ. ಕೆಳಗಿದ್ದರೆ ಉತ್ತರದಲ್ಲಿ 0.3 ಕಡಿಮೆ ಬರುತ್ತದೆ. ಟೇಪಿನ ಬಗ್ಗೆಯೂ ಒಂದು ಮಾತು. ಬಟ್ಟೆ ಟೇಪು ವರ್ಷಗಟ್ಟಲೆ ಎಳೆದೂ ಎಳೆದೂ ಹಿಗ್ಗಿರುತ್ತದೆ. ನನ್ನ ಹಳೇ ಟೇಪನ್ನು ಸ್ಟೀಲ್ ಟೇಪಿನ ಪಕ್ಕ ಇಟ್ಟು ನೋಡಿದೆ: ಒಂದು ಮೀಟರಿಗೆ ಅರ್ಧ ಸೆಂ.ಮೀ. ಮೋಸ. ಎಷ್ಟು ಬ್ಲೌಸ್ ಸಡಿಲವಾಗಿ ಹೊಲಿದಿದ್ದೆನೋ!

ಬೀಗವನ್ನು ಪಕ್ಕಕ್ಕೆ ಒಂದು ಗೇಣಿಗಿಂತ ಕಡಿಮೆ ಎಳೆದು, ತಳ್ಳದೆ, ಸುಮ್ನೆ ಬಿಡಿ. ಹೋಗಿ ವಾಪಸ್ ಬಂದರೆ ಒಂದು ತೂಗು. 20 ತೂಗಿಗೆ ಸಮಯ ನೋಡಿ. ಒಂದಕ್ಕೇ ಯಾಕೆ ನೋಡಬಾರದು? ಬಟನ್ ಒತ್ತುವಾಗ ಬೆರಳು 0.2 ಸೆಕೆಂಡು ತಡ ಮಾಡಬಹುದು. 2 ಸೆಕೆಂಡಿನಲ್ಲಿ ಅದು ದೊಡ್ಡ ತಪ್ಪು, 40 ಸೆಕೆಂಡಿನಲ್ಲಿ ಚಿಕ್ಕದು.

ಮೊದಲ ಸಲ ನಮಗೆ 38.2 ಸೆಕೆಂಡು ಬಂತು. ಒಂದು ತೂಗಿಗೆ 1.91. ಲೆಕ್ಕ ಹೀಗೆ: 39.48 ಅನ್ನು ಮೀಟರಿನಲ್ಲಿರುವ ಉದ್ದದಿಂದ ಗುಣಿಸಿ, ಒಂದು ತೂಗಿನ ಸಮಯದ ವರ್ಗದಿಂದ ಭಾಗಿಸಿ. (39.48 ಅಂದರೆ ಪೈ ವರ್ಗದ ನಾಲ್ಕರಷ್ಟು.) ಉತ್ತರ 10.8. ಬರಬೇಕಾಗಿದ್ದು 9.8ರ ಹತ್ತಿರ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರಿನಷ್ಟು ಹೆಚ್ಚುತ್ತದೆ. ದಾರ ಅಳೆದೆವು, ಮೊಳೆ ನೋಡಿದೆವು, ಎಲ್ಲ ಸರಿ ಇತ್ತು. ಕೊನೆಗೆ ಗೊತ್ತಾಯಿತು: ಮಗಳು ಬೀಗ ಬಿಡುವಾಗಲೇ "ಒಂದು" ಅಂದಿದ್ದಳು. ಅವಳು ಇಪ್ಪತ್ತು ಅಂದಾಗ ಆಗಿದ್ದು ಹತ್ತೊಂಬತ್ತೇ ತೂಗು. ಬಿಡುವಾಗ "ಸೊನ್ನೆ" ಅನ್ನಬೇಕು. ಎರಡನೇ ಸಲ 40.2 ಸೆಕೆಂಡು, ಉತ್ತರ 9.77. ಇಬ್ಬರೂ ಕುಣಿದೆವು ಅಂತ ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಬೀಗ ಬದಲಿಸಿ ದಪ್ಪದ್ದು ಕಟ್ಟಿ ನೋಡಿ. ನಡುಮಧ್ಯದ ಉದ್ದ ಅಷ್ಟೇ ಇದ್ದರೆ ಸಮಯ ಬದಲಾಗುವುದಿಲ್ಲ. ಭಾರ ಜಾಸ್ತಿಯಾದರೆ ಎಳೆತವೂ ಜಾಸ್ತಿ, ಆದರೆ ಅಲುಗಿಸುವುದೂ ಅಷ್ಟೇ ಕಷ್ಟ. ಎರಡೂ ಸರಿ ಹೋಗುತ್ತವೆ. ಉದ್ದವನ್ನು 25 ಸೆಂ.ಮೀ.ಗೆ ಇಳಿಸಿದರೆ ಸಮಯ ಕಾಲು ಭಾಗ ಆಗುವುದಿಲ್ಲ, ಅರ್ಧ ಆಗುತ್ತದೆ: 20 ತೂಗಿಗೆ ಸುಮಾರು 20 ಸೆಕೆಂಡು.

ಈಗ ಬಲದ ವಿಷಯ. ಬೀಗದ ವೇಗ ಎಲ್ಲಿ ಜಾಸ್ತಿ? ತೀರಾ ಕೆಳಗೆ ಬಂದಾಗ. "ಹಾಗಾದ್ರೆ ಮುಂದಕ್ಕೆ ತಳ್ಳೋ ಬಲಾನೂ ಅಲ್ಲೇ ಜಾಸ್ತಿ, ಅಲ್ವಾಪ್ಪ?" ಅಂತ ಕೇಳಿದಳು. ಅಲ್ಲ. ಅಲ್ಲಿ ಮುಂದಕ್ಕೆ ತಳ್ಳುವುದು ಏನೂ ಇಲ್ಲ. ಭೂಮಿ ಕೆಳಗೆ ಎಳೆಯುತ್ತದೆ, ದಾರ ಮೇಲೆ ಎಳೆಯುತ್ತದೆ, ಅಷ್ಟೇ. ಪಿಯುಸಿಯಲ್ಲಿ ನಾನು ಎಡವಿದ್ದೂ ಇಲ್ಲೇ. ಓಡುತ್ತಿರಲು ಬಲ ಬೇಡ, ಓಟ ಬದಲಾಗಲು ಬಲ ಬೇಕು. ನನಗೆ ಇದು ತಿಳಿದದ್ದು ಮಷೀನಿನಿಂದ. ಬಾಬಿನ್ ಸುತ್ತುವಾಗ ಚಕ್ರದ ನಡುವಿನ ಗುಂಡಿ ಸಡಿಲ ಮಾಡುತ್ತೇವೆ. ಆಗ ಪೆಡಲಿನಿಂದ ಕಾಲು ತೆಗೆದರೂ ಚಕ್ರ ಒಂದಷ್ಟು ಸುತ್ತು ತಿರುಗಿಯೇ ನಿಲ್ಲುತ್ತದೆ. ಎಣ್ಣೆ ಬಿಟ್ಟ ದಿನ ಇನ್ನೂ ಜಾಸ್ತಿ ತಿರುಗುತ್ತದೆ. ಚಕ್ರ ನಿಲ್ಲುವುದು ತಳ್ಳುವವರಿಲ್ಲ ಅಂತ ಅಲ್ಲ, ಘರ್ಷಣೆ ಹಿಡಿದು ನಿಲ್ಲಿಸುತ್ತದೆ. ನ್ಯೂಟನ್ 1687ರಲ್ಲಿ ಅಚ್ಚು ಹಾಕಿಸಿದ ಮೊದಲ ನಿಯಮ ಇದೇ.

ಬಲದ ಅಳತೆ ನ್ಯೂಟನ್. 100 ಗ್ರಾಂ ಟೊಮ್ಯಾಟೊ ಅಂಗೈ ಮೇಲೆ ಇಟ್ಟುಕೊಳ್ಳಿ, ಅದು ಒತ್ತುವುದು ಹೆಚ್ಚುಕಡಿಮೆ 1 ನ್ಯೂಟನ್.

ಶಕ್ತಿಗೆ ಮತ್ತೆ ಬೀಗಕ್ಕೇ ಬನ್ನಿ. ಬೀಗ ಬಿಡುವ ಎತ್ತರಕ್ಕೆ ಗೋಡೆ ಮೇಲೆ ಉದ್ದಕ್ಕೂ ಚಾಕ್ ಗೆರೆ ಎಳೆಯಿರಿ. ದಾರದ ಅರ್ಧದಲ್ಲಿ, ಮೊಳೆಯ ನೇರ ಕೆಳಗೆ, ಒಂದು ಸ್ಕೇಲ್ ಅಡ್ಡ ಹಿಡಿಯಿರಿ. ದಾರ ಸ್ಕೇಲಿಗೆ ತಾಗಿ ಮಡಚಿ, ಬೀಗ ಬೇರೆ ದಾರಿಯಲ್ಲಿ ಏರುತ್ತದೆ. ಆದರೂ ಅದೇ ಗೆರೆಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ! ಇದು ಗೆಲಿಲಿಯೊ ಮಾಡಿದ ಪ್ರಯೋಗ. ಎತ್ತರದ ಶಕ್ತಿ ವೇಗವಾಗಿ, ವೇಗ ಮತ್ತೆ ಎತ್ತರವಾಗುತ್ತದೆ. ಗಾಳಿ ಸ್ವಲ್ಪ ತಿನ್ನುತ್ತದೆ, ಅದಕ್ಕೇ ಗೆರೆಗಿಂತ ಕೂದಲೆಳೆ ಕೆಳಗೆ.

ಲೆಕ್ಕ ಬೇಕೆಂದರೆ ಮೆಟ್ಟಿಲು ಹತ್ತಿ. 60 ಕೆಜಿ ಮನುಷ್ಯ 3 ಮೀಟರ್ ಏರಿದರೆ 60 × 9.8 × 3, ಅಂದರೆ 1764 ಜೂಲ್ (ಶಕ್ತಿಯ ಅಳತೆ ಜೂಲ್). ಕರೆಂಟಿನ ಒಂದು ಯೂನಿಟ್ 36 ಲಕ್ಷ ಜೂಲ್. ಅಷ್ಟರಲ್ಲಿ ಅದೇ ಮನುಷ್ಯನನ್ನು ಎರಡು ಸಾವಿರ ಸಲ ಮಹಡಿಗೆ ಎತ್ತಬಹುದು. ನನ್ನ 1000 ವಾಟಿನ ಇಸ್ತ್ರಿ ಪೆಟ್ಟಿಗೆ ಬಿಡದೆ ಕಾದರೆ ಅದನ್ನು ಒಂದು ಗಂಟೆಯಲ್ಲಿ ಮುಗಿಸುತ್ತದೆ. ಈ ಲೆಕ್ಕ ಮಾಡಿದ ದಿನದಿಂದ ಮಗಳು ನನಗಿಂತ ಮೊದಲು ಸ್ವಿಚ್ ಆರಿಸುತ್ತಾಳೆ.

ಕೊನೆಯದಾಗಿ: 50 ಮತ್ತು 75 ಸೆಂ.ಮೀ.ಗೂ ಸಮಯ ನೋಡಿ ಬರೆದಿಡಿ. 20 ತೂಗಿಗೆ ಸುಮಾರು 28 ಮತ್ತು 35 ಸೆಕೆಂಡು ಬರಬೇಕು. ಬೇರೆ ಬಂದರೆ ಮೊದಲು ಎಣಿಕೆ ನೋಡಿ, ಆಮೇಲೆ ಟೇಪು. ಬೀಗ ಮಾತ್ರ ಮನೆಯದ್ದೇ ಬಳಸಿ. ನಾವು ಆವತ್ತು ರಾತ್ರಿ ಅದನ್ನು ಮೊಳೆಯಲ್ಲೇ ಮರೆತು, ಶಟರ್ ಹಾಕಲು ನಾನು ಮತ್ತೆ ಮನೆಗೆ ಓಡಿಬಂದೆ.